ಡಿಗ್ರಿ ಮುಗೀತು, ಮುಂದೆ? ಮೊಗ್ಲಿಂಗ್ ಅಯ್ಯನವರ ಜೀವನ

ಎಲ್ಲರೂ ಕೂತ್ಕೊಳ್ಳಿ. ನೈಟ್ ಶಿಫ್ಟ್ ಮುಗಿಸಿ ನೇರ ಇಲ್ಲಿಗೆ ಬಂದಿರೋ ಸಹೋದರರು ಗೋಡೆಗೆ ಒರಗಿ ಕೂತ್ಕೊಂಡ್ರೂ ಪರವಾಗಿಲ್ಲ, ಕರ್ತನು ನಿಮ್ಮ ಶ್ರಮವನ್ನು ಬಲ್ಲನು.

ಲೂಕನ ಸುವಾರ್ತೆ 14ನೇ ಅಧ್ಯಾಯ, 28ರಿಂದ 30ನೇ ವಚನ ತೆಗೆದಿಟ್ಟುಕೊಳ್ಳಿ. ಗೋಪುರ ಕಟ್ಟಬೇಕು ಅಂತಿರುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ ಭಾಗ. ಅಸ್ತಿವಾರ ಹಾಕಿ ಅರ್ಧಕ್ಕೆ ನಿಂತುಹೋದರೆ ನೋಡಿದವರು ನಗುತ್ತಾರೆ. ಪೀಣ್ಯದಲ್ಲಿ ಪಿಲ್ಲರ್ ಎದ್ದು ಹಾಗೇ ನಿಂತಿರೋ ಕಟ್ಟಡಗಳನ್ನು ನೋಡಿದವರಿಗೆ ಈ ವಚನ ಬಿಡಿಸಿ ಹೇಳಬೇಕಾಗಿಲ್ಲ.

ಈ ಭಾಗವನ್ನು ಯಾಕೆ ತೆಗೆದೆ ಅಂದ್ರೆ, ಎರಡು ತಿಂಗಳಿಂದ ನಮ್ಮ ಯೌವನಸ್ಥರಲ್ಲಿ ಮೂವರು ನನ್ನ ಹತ್ತಿರ ಒಂದೇ ಪ್ರಶ್ನೆ ತಂದಿದ್ದಾರೆ. ಒಬ್ಬರು ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್, ಒಬ್ಬರು ವೈಟ್‌ಫೀಲ್ಡ್ ಕಡೆ ಪಿಜಿಯಲ್ಲಿದ್ದು ಓದ್ತಾ ಇರೋರು, ಇನ್ನೊಬ್ಬರು ಬಿ.ಕಾಂ. ಕಾಲೇಜು ಮುಗಿದ ಮೇಲೆ ಎರಡು ವರ್ಷ ವಿದ್ಯಾರ್ಥಿಗಳ ಮಧ್ಯೆ ಸೇವೆಗೆ ಹೋಗಬೇಕು ಅಂತ ಅವರಿಗೆ ಭಾರ. ಹಾಸ್ಟೆಲು, ಪಿಜಿ ಸುತ್ತಬೇಕು, ಸಣ್ಣ ಸಣ್ಣ ಬೈಬಲ್ ಅಧ್ಯಯನ ನಡೆಸಬೇಕು. ಸಂಬಳ ಇಲ್ಲ. ಸಭೆಯವರು, ಸ್ನೇಹಿತರು ತಿಂಗಳು ತಿಂಗಳು ಕೊಡೋದರಲ್ಲಿ ಜೀವನ. ಕೈಯಲ್ಲಿ ಮಾತ್ರ ಕಂಪನಿಯ ಆಫರ್ ಲೆಟರ್ ಇದೆ. ಮಕ್ಕಳು ಬಂದು, ಅಣ್ಣ, ಇದು ಕರ್ತನ ಕರೆಯಾ ಅಂತ ಕೇಳಿದರು. ಆಮೇಲೆ ಅವರ ತಾಯಂದಿರು ಬೇರೆಯಾಗಿ ಬಂದು, ಪಾಸ್ಟರ್, ಸ್ವಲ್ಪ ಬುದ್ಧಿ ಹೇಳಿ ಅಂತ ಕೇಳಿದರು. ಎರಡೂ ಕಡೆಯವರು ಇವತ್ತು ಇಲ್ಲೇ ಕೂತಿದ್ದಾರೆ, ಹೆಸರು ಹೇಳಲ್ಲ.

ನಾನೂ ವಾರವೆಲ್ಲ ಕೆಲಸಕ್ಕೆ ಹೋಗಿ ಭಾನುವಾರ ಇಲ್ಲಿ ನಿಲ್ಲುವವನು. ಎಲ್ಲರೂ ಕೆಲಸ ಬಿಟ್ಟು ಬನ್ನಿ ಅಂತ ಹೇಳೋ ಯೋಗ್ಯತೆ ನನಗಿಲ್ಲ, ಹೋಗಬೇಡಿ ಅಂತ ಅಡ್ಡ ನಿಲ್ಲೋ ಧೈರ್ಯವೂ ಇಲ್ಲ. ಅದಕ್ಕೆ ಇವತ್ತು ಒಬ್ಬ ಮನುಷ್ಯನ ಜೀವನ ಹೇಳ್ತೀನಿ. ಕನ್ನಡದ ಮೊದಲನೇ ಪತ್ರಿಕೆ ತಂದವರು ಯಾರು ಅಂತ ಶಾಲೆಯಲ್ಲಿ ಓದಿದ್ದೀರಿ, ಹರ್ಮನ್ ಮೊಗ್ಲಿಂಗ್. ಪ್ರತಿವರ್ಷ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನಾಚರಣೆ ಮಾಡೋದು ಅವರ ಪತ್ರಿಕೆ ಹೊರಬಂದ ದಿನಕ್ಕೇ. ಆದರೆ ಅವರು ಪತ್ರಿಕೆ ಮಾಡೋಣ ಅಂತ ಈ ನಾಡಿಗೆ ಬಂದವರಲ್ಲ. ಕಾಲೇಜು ಮುಗಿಸಿ, ಇದೇ ಪ್ರಶ್ನೆಯನ್ನು ಎದುರಿಸಿ, ಹಡಗು ಹತ್ತಿ ಬಂದವರು.

ಹುಟ್ಟಿದ್ದು 1811ರ ಮೇ 29, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ. ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ. ಸಾಮಾನ್ಯ ಜಾಗ ಅಲ್ಲ ಅದು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಓದಿದ್ದು ಅಲ್ಲಿ, ತತ್ವಶಾಸ್ತ್ರಜ್ಞ ಹೆಗೆಲ್ ಓದಿದ್ದೂ ಅಲ್ಲೇ. ಅಲ್ಲಿ ದೇವಶಾಸ್ತ್ರ ಮುಗಿಸಿದ ಹುಡುಗನ ದಾರಿ ಮೊದಲೇ ಗೊತ್ತಿರುತ್ತಿತ್ತು. ಮೊದಲು ಒಂದು ಹಳ್ಳಿ ಸಭೆಯಲ್ಲಿ ಸಹಾಯಕ, ಆಮೇಲೆ ಸಭಾಪಾಲಕ, ಮನೆ, ಸಂಬಳ, ಊರಲ್ಲಿ ಮರ್ಯಾದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ಕ್ಯಾಂಪಸ್ ಪ್ಲೇಸ್‌ಮೆಂಟ್ ಗ್ಯಾರಂಟಿ.

ಆ ಕಾಲೇಜಿನಲ್ಲಿ ವಿಶ್ವಾಸ ಕಾಪಾಡಿಕೊಳ್ಳೋದು ಸುಲಭವಿರಲಿಲ್ಲ ಎನ್ನೋದನ್ನೂ ಕೇಳಿಸಿಕೊಳ್ಳಿ. ಆ ವರ್ಷಗಳಲ್ಲಿ ಅಲ್ಲಿ ಸ್ಟ್ರೌಸ್ ಎಂಬ ಯುವ ಪಂಡಿತ ಪಾಠ ಹೇಳ್ತಿದ್ದ. ಸುವಾರ್ತೆಗಳಲ್ಲಿರೋ ಅದ್ಭುತಗಳನ್ನು ಪುರಾಣದ ಕಥೆಗಳ ಸಾಲಿಗೆ ಸೇರಿಸಿ 1835ರಲ್ಲಿ ಅವನು ಬರೆದ ಪುಸ್ತಕ ಯೂರೋಪನ್ನೇ ಅಲ್ಲಾಡಿಸಿತು. ಕಾಲೇಜಿಗೆ ಹೋದ ಮೇಲೆ ನಮ್ಮ ಹುಡುಗ ಪ್ರಾರ್ಥನೆ ಬಿಟ್ಟ ಅಂತ ಅಳೋ ತಾಯಂದಿರೇ, ಇದು ಈಗಿನ ಕಾಯಿಲೆಯಲ್ಲ. ಅದೇ ಗಾಳಿಯಲ್ಲಿ ಇದ್ದುಕೊಂಡೇ ಮೂವರು ಯುವಕರು ಸೇವೆಗೆ ಹೊರಟರು. ಮೊಗ್ಲಿಂಗ್, ಅವರ ಬಂಧು ವೈಗ್ಲೆ, ಮತ್ತು ಗುಂಡರ್ಟ್. ಗುಂಡರ್ಟ್ ಮಲಬಾರಿಗೆ ಹೋಗಿ ಮಲಯಾಳದ ನಿಘಂಟು ಮಾಡಿದರು, ವೈಗ್ಲೆ ಕನ್ನಡ ಬೈಬಲ್ ಪರಿಷ್ಕರಣೆಯಲ್ಲೇ ಜೀವ ಸವೆಸಿದರು. ಅವರು ಗೆಳೆಯರು, ಸಂಬಂಧಿಕರು. ಕರೆ ಒಬ್ಬೊಬ್ಬರಿಗೆ ಬಂದರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ನಮ್ಮ ಮೂವರೂ ಇದನ್ನ ಗಮನಿಸಿ. ನೀವು ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ ನನ್ನ ಹತ್ತಿರ ಬಂದಿದ್ದೀರಿ.

ಬಾಸೆಲ್ ಮಿಷನ್ ಶುರುವಾಗಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಅಲ್ಲಿಂದ ಹೊರಟ ಹೆಚ್ಚಿನವರು ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು, ಕೈಕೆಲಸ ಬಲ್ಲವರು. ನಮ್ಮ ಪೀಣ್ಯದ ಸಭೆಯಂಥದ್ದೇ ಅನ್ನಿ! ವಿಶ್ವವಿದ್ಯಾನಿಲಯದಲ್ಲಿ ಓದಿದವರು ಅಪರೂಪ. ಮೊಗ್ಲಿಂಗ್ ಹೋಗಿ ಅವರ ಜೊತೆ ಸೇರಿಕೊಂಡರು. 1836ರ ಕೊನೆಗೆ ಮಂಗಳೂರು ತಲುಪಿದಾಗ ವಯಸ್ಸು 25. ಬಾಸೆಲ್‌ನ ಮೊದಲನೇ ಮೂವರು ಅಲ್ಲಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಊರು ಕೂಡ ಶಾಂತವಾಗಿರಲಿಲ್ಲ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ದಂಗೆಯವರು ಮಂಗಳೂರಿಗೇ ನುಗ್ಗಿದರು. ಕಂಪನಿ ಸರಕಾರದ ಮೇಲೆ ಜನರಿಗೆ ಅಷ್ಟು ಸಿಟ್ಟು. ಆಳೋರ ಬಣ್ಣದವನೇ ಬಂದು ದೇವರ ವಿಷಯ ಹೇಳಿದರೆ ಜನ ಅನುಮಾನ ಪಡದೆ ಇರ್ತಾರಾ? ಕೆಲಕಾಲ ಧಾರವಾಡ, ಹುಬ್ಬಳ್ಳಿ ಕಡೆ ಇದ್ದು ಮೊಗ್ಲಿಂಗ್ ಮತ್ತೆ ಮಂಗಳೂರಿಗೆ ಬಂದರು. ಅವರಿಗೆ ಸಿಕ್ಕಿದ ಕೆಲಸ ಹುಡುಗರಿಗೆ ಪಾಠ ಹೇಳೋದು.

ಇಲ್ಲಿ ನಿಧಾನವಾಗಿ ಕೇಳಿ. ಡಾಕ್ಟರ್ ಆಗಬಹುದಾದಷ್ಟು ಓದಿದ ಮನುಷ್ಯ, ಹುಡುಗರ ಜೊತೆ ವಾಸ, ಅವರಿಗೆ ಪಾಠ, ಅವರಿಂದ ಕನ್ನಡ ಕಲಿಯೋದು. ಮಂಗಳೂರಲ್ಲಿ ತುಳು, ಕೊಂಕಣಿ, ಕನ್ನಡ, ಒಂದೊಂದು ಬೀದಿಗೆ ಒಂದೊಂದು ಭಾಷೆ. ಬಂದು ಐದು ವರ್ಷಕ್ಕೆ, 1841ರಲ್ಲಿ, ಮಿಷನ್ನಿನ ಅಚ್ಚುಕೂಟ ಶುರುವಾಯಿತು. ಅದು ಕಲ್ಲಚ್ಚು, ಅಂದ್ರೆ ಕಲ್ಲಿನ ಮೇಲೆ ಬರೆದು ಅದರಿಂದ ಕಾಗದಕ್ಕೆ ಒತ್ತೋದು. 1843ರ ಜುಲೈ 1ಕ್ಕೆ ಅದೇ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ' ಹೊರಗೆ ಬಂತು, ಹದಿನೈದು ದಿನಕ್ಕೊಂದು ಸಂಚಿಕೆ. ಅದರಲ್ಲಿ ಊರಿನ ಸುದ್ದಿ ಇತ್ತು, ಸರಕಾರದ ಆಜ್ಞೆಗಳಿದ್ದವು, ಬೇರೆ ರಾಜ್ಯಗಳ ವರ್ತಮಾನ ಇತ್ತು, ಕಥೆ ಇತ್ತು, ದಾಸರ ಪದ ಕೂಡ ಇತ್ತು. ಮಾರನೇ ವರ್ಷ ಅದನ್ನು ಬಳ್ಳಾರಿಗೆ ಒಯ್ದು 'ಕನ್ನಡ ಸಮಾಚಾರ' ಅಂತ ಹೆಸರಿಟ್ಟರು. ಪತ್ರಿಕೆ ಬಹಳ ಕಾಲ ನಡೆಯಲಿಲ್ಲ. ಅದರ ಬಗ್ಗೆ ಇಷ್ಟು ಸಾಕು. ಪತ್ರಿಕೆಯ ಕಥೆ ಎಲ್ಲರೂ ಹೇಳ್ತಾರೆ, ನಮಗೆ ಬೇಕಾಗಿರೋದು ಅವರ ತರಗತಿಯಲ್ಲಿ ಕೂತಿದ್ದ ಒಬ್ಬ ಹುಡುಗನ ಕಥೆ.

ಅವನ ಹೆಸರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದವನು, ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯವನು, ಮಿಷನ್ನಿನ ಇಂಗ್ಲಿಷ್ ಶಾಲೆಗೆ ಓದಲು ಬಂದವನು. ಇಂಗ್ಲಿಷ್ ಕಲಿತರೆ ಸರಕಾರಿ ಕಚೇರಿಯಲ್ಲಿ ಕೆಲಸ ಸಿಗುತ್ತೆ, ಅದಕ್ಕೇ ದೊಡ್ಡ ಮನೆಯವರು ಮಕ್ಕಳನ್ನ ಅಲ್ಲಿಗೆ ಕಳಿಸ್ತಿದ್ದರು. ಆ ಮನೆಯವರ ಕಣ್ಣಲ್ಲೂ ಒಂದು ಆಫರ್ ಲೆಟರ್ ಇತ್ತು ಅಂದುಕೊಳ್ಳಿ. 1844ರ ಜನವರಿ 6ರಂದು ಆನಂದರಾಯರು ಇನ್ನಿಬ್ಬರು ಬ್ರಾಹ್ಮಣ ಯುವಕರ ಜೊತೆ ದೀಕ್ಷಾಸ್ನಾನ ಹೊಂದಿದರು. ವಯಸ್ಸು ಹದಿನೆಂಟು. ತಮ್ಮ ಗುರುವಿನ ಹೆಸರು ಹರ್ಮನ್ ಅನ್ನೋದನ್ನೇ ತಮ್ಮ ಹೆಸರಿಗೂ ಸೇರಿಸಿಕೊಂಡರು.

ಇಲ್ಲಿ ಕೆಲವು ಪ್ರಸಂಗಿಗಳು ಜೋರಾಗಿ ಹಲ್ಲೆಲೂಯಾ ಅಂದು ಮುಂದೆ ಹೋಗ್ತಾರೆ. ನಾನು ಹಾಗೆ ಹೋಗಲ್ಲ. ಪಟ್ಟಣದಲ್ಲಿ ದೊಡ್ಡ ಗಲಾಟೆಯಾಯಿತು. ಆ ಮನೆಯಲ್ಲಿ ಆ ರಾತ್ರಿ ಹೇಗಿದ್ದಿರಬಹುದು, ಮಕ್ಕಳನ್ನ ಸಾಕಿರೋ ನಿಮಗೆ ನಾನು ಹೇಳಬೇಕಾಗಿಲ್ಲ. ಆಗಿನ ಕಾಲಕ್ಕೆ ಮತ ಬದಲಿಸಿದವನಿಗೆ ಜಾತಿ ಹೋಗ್ತಿತ್ತು, ಮನೆ ಹೋಗ್ತಿತ್ತು, ಪಿತ್ರಾರ್ಜಿತದ ಪಾಲೂ ಹೋಗ್ತಿತ್ತು. ಆ ಪಾಲನ್ನು ಉಳಿಸೋ ಕಾನೂನು ಇಡೀ ದೇಶಕ್ಕೆ ಬಂದದ್ದು 1850ರಲ್ಲಿ. ಗೋಪುರದ ಲೆಕ್ಕ ಅಂದೆನಲ್ಲ, ಈ ಹುಡುಗ ಕಟ್ಟಿದ ಬೆಲೆ ಇದು. ಕೆಲಸ ಬಿಡೋದು ಇದರ ಮುಂದೆ ಸಣ್ಣದು.

ಈಗ ಮೊಗ್ಲಿಂಗ್ ಏನು ಮಾಡಿದರು? ಊರು ಬಿಟ್ಟು ಬಂದ ಬ್ರಾಹ್ಮಣ ಹುಡುಗ, ಸಾಕ್ಷಿ ಹೇಳಿಸಿದರೆ ಜನ ಸೇರ್ತಾರೆ. ವೇದಿಕೆಯಿಂದ ವೇದಿಕೆಗೆ ಅವನನ್ನ ಕರ್ಕೊಂಡು ಹೋಗಬಹುದಿತ್ತು. ಅವರು ಅದನ್ನು ಬಿಟ್ಟು ಅವನನ್ನ ಓದೋಕೆ ಕಳಿಸಿದರು. ತಾವು ಊರಿಗೆ ಹೋಗುವಾಗ ಜೊತೆಗೇ ಕರೆದುಕೊಂಡು ಹೋಗಿ, 1846ರಲ್ಲಿ ಬಾಸೆಲ್‌ನ ಸೆಮಿನರಿಗೆ ಸೇರಿಸಿದರು. ಐದು ವರ್ಷದ ಓದು! ಚಳಿಯ ದೇಶ, ಬೇರೆ ಊಟ, ಬೇರೆ ಭಾಷೆ. 1851ರಲ್ಲಿ ಆನಂದರಾಯರಿಗೆ ಅಲ್ಲೇ ಸಭಾಪಾಲಕರಾಗಿ ದೀಕ್ಷೆಯಾಯಿತು. ಬಾಸೆಲ್ ಮಿಷನ್ನಿನಲ್ಲಿ ಆ ದೀಕ್ಷೆ ಪಡೆದ ಮೊದಲ ಭಾರತೀಯ ಅವರು. ಯೂರೋಪಿನ ಮಿಷನರಿಗಳಿಗೆ ಸಮಾನವಾಗಿ ಮಂಗಳೂರಿಗೆ ವಾಪಸ್ಸು ಬಂದರು.

ದೀಕ್ಷಾಸ್ನಾನದಿಂದ ದೀಕ್ಷೆಯವರೆಗೆ ಏಳು ವರ್ಷ. ನಾವು ಪೆಂತೆಕೋಸ್ತಿನವರು ಇದನ್ನ ಸ್ವಲ್ಪ ನಿಂತು ಕೇಳಬೇಕು. ನಮ್ಮಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆಯಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು ಪ್ರವಾದನೆ ಹೇಳ್ತಾರೆ, ಸೋಮವಾರ ಬೆಳಗ್ಗೆ ಹುಡುಗ ರಾಜೀನಾಮೆ ಮೇಲ್ ಕಳಿಸಿರ್ತಾನೆ. ಪ್ರವಾದನೆ ಇದೆ, ನಾನು ನಂಬ್ತೀನಿ, ಈ ಸಭೆಯಲ್ಲೇ ಕಂಡಿದ್ದೇನೆ. ಅದನ್ನು ಪರೀಕ್ಷಿಸಿ ನೋಡಬೇಕು ಅಂತ ಪೌಲನು ಥೆಸಲೋನಿಕದವರಿಗೆ ಬರೆದಿರೋದೂ ಅದೇ ಬೈಬಲಿನಲ್ಲಿದೆ. ಆತ್ಮನ ಕರೆ ಏಳು ವರ್ಷ ಕಾಯಬಲ್ಲದಾದರೆ, ನಿಮ್ಮ ಕೊನೆಯ ಸೆಮಿಸ್ಟರ್ ಮುಗಿಯೋವರೆಗೂ ಕಾಯುತ್ತೆ. ಬ್ಯಾಕ್‌ಲಾಗ್ ಇಟ್ಟುಕೊಂಡು ಸೇವೆಗೆ ಬಂದವನು ಕ್ಯಾಂಪಸ್ಸಿಗೆ ಹೋಗಿ ಯಾವ ವಿದ್ಯಾರ್ಥಿಗೆ ಏನು ಹೇಳ್ತಾನೆ?

ಮಂಗಳೂರಿಗೆ ಹಿಂತಿರುಗಿದ ಮೇಲೆ ಮೊಗ್ಲಿಂಗ್ ಬಲ್ಮಠದ ಸೆಮಿನರಿಯನ್ನು ಕಟ್ಟುವುದರಲ್ಲಿ ತೊಡಗಿದರು. ಈ ನೆಲದ ಹುಡುಗರೇ ಓದಿ ಉಪದೇಶಿಗಳಾಗಬೇಕು ಅನ್ನೋದು ಅವರ ಹಟ. ಆ ಸೆಮಿನರಿಯ ಮುಂದುವರಿಕೆಯಾಗಿ ಬಲ್ಮಠದಲ್ಲಿ ಇವತ್ತಿಗೂ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ನಡೀತಿದೆ. ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸ ಮಾಡಿದರು. ಅದನ್ನ ಕೇಳಿದರೆ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಕನ್ನಡದ ಗಾದೆಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. 1848ರಿಂದ 1853ರೊಳಗೆ, ಕಾಸಾಮೇಜರ್ ಎಂಬ ಆಂಗ್ಲ ಅಧಿಕಾರಿಯ ಹಣದ ಸಹಾಯದಿಂದ, ಓಲೆಗರಿಯಲ್ಲಿದ್ದ ಕನ್ನಡ ಕಾವ್ಯಗಳನ್ನು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಮುದ್ರಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಇವೆಲ್ಲ ಅಚ್ಚಿನ ರೂಪದಲ್ಲಿ ಹಾಗೆ ಬಂದವು.

ಮಿಷನರಿ ಯಾಕೆ ಪುರಂದರದಾಸರ ಪದ ಅಚ್ಚು ಹಾಕಿಸಿದ ಅಂತ ಬೈಬಲ್ ಕಾಲೇಜಿನಲ್ಲಿ ನಮ್ಮ ಕ್ಲಾಸಲ್ಲೂ ಒಬ್ಬ ಕೇಳಿದ್ದ. ನನಗೆ ತಿಳಿದದ್ದು ಇಷ್ಟು. ಯಾರ ಮಧ್ಯೆ ಸೇವೆ ಮಾಡ್ತೀವೋ ಅವರು ಯಾವ ಪದ ಹಾಡ್ತಾ ಬೆಳೆದರು, ಅವರಜ್ಜಿ ಯಾವ ಗಾದೆ ಹೇಳ್ತಿದ್ದಳು ಅಂತ ಗೊತ್ತಿಲ್ಲದೆ ಅವರ ಜೊತೆ ಮಾತು ಶುರುವೇ ಆಗಲ್ಲ. ಟ್ಯೂಬಿಂಗೆನ್‌ನಲ್ಲಿ ಕಲಿತ ವಿದ್ಯೆಯನ್ನು ಮೊಗ್ಲಿಂಗ್ ಬಿಸಾಕಿ ಬರಲಿಲ್ಲ, ಅದನ್ನು ಇಲ್ಲಿಯ ಓಲೆಗರಿಯ ಮುಂದೆ ತಂದಿಟ್ಟರು. ಅವರ ಹಿಂದೆ 1853ರಲ್ಲಿ ಬಂದ ಕಿಟೆಲ್ ಅದೇ ದಾರಿ ಹಿಡಿದು 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಸಾವಿರ ತಪ್ಪು ಹುಡುಕಬಹುದು ಆ ಕಾಲದ ಮಿಷನರಿಗಳಲ್ಲಿ. ಆದರೂ ಕನ್ನಡಿಗರು ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ನಿಲ್ಲಿಸಿದ್ದಾರೆ. ಆ ಪ್ರೀತಿಯನ್ನ ಅವರು ಸಂಪಾದಿಸಿಕೊಂಡರು. ನಮ್ಮ ಹುಡುಗರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಪಿಜಿಗಳಲ್ಲಿ ಕಲಬುರಗಿಯವನ ಜೊತೆ, ಒಡಿಶಾದವನ ಜೊತೆ ಒಂದೇ ರೂಮಲ್ಲಿ ಇರ್ತಾರೆ. ಅವನ ಊರು ಯಾವುದು, ಅವನ ಹಬ್ಬ ಯಾವುದು, ಮನೆಗೆ ಎಷ್ಟು ದುಡ್ಡು ಕಳಿಸ್ತಾನೆ ಅಂತ ಗೊತ್ತಿಲ್ಲದೆ ಕರಪತ್ರ ಕೊಟ್ಟರೆ ಅವನು ತಗೊಂಡು ಏನು ಮಾಡ್ತಾನೆ?

ಇನ್ನೊಂದು ಮಾತು, ಇದು ಹಿರಿಯರಿಗೆ. ಮನೆ ಬಿಟ್ಟು ಬಂದ ವಿಶ್ವಾಸಿಗಳಿಗೆ ಅನ್ನ ಎಲ್ಲಿಂದ? ಬಾಸೆಲ್ ಮಿಷನ್ ಆ ಪ್ರಶ್ನೆಗೆ ಪ್ರಾರ್ಥನೆಯ ಜೊತೆಗೆ ಮಗ್ಗ ಹಾಕಿತು, ಅಚ್ಚುಕೂಟ ನಡೆಸಿತು, 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಅಂತೀವಲ್ಲ, ಅದರ ಬೇರು ಅಲ್ಲಿದೆ. ಬೆಲೆ ಕಟ್ಟಿದವನ ಪಕ್ಕದಲ್ಲಿ ಸಭೆ ನಿಲ್ಲಬೇಕು ಅಂದ್ರೆ ಹೀಗೆ. ನಮ್ಮ ಮೂವರಲ್ಲಿ ಒಬ್ಬರ ಹೆಸರಲ್ಲಿ ಎಜುಕೇಶನ್ ಲೋನ್ ಇದೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ, ಬಡ್ಡಿ ಮಾತ್ರ ಓಡ್ತಾನೇ ಇರುತ್ತೆ. ಎರಡು ವರ್ಷದ ಸೇವೆಯಲ್ಲಿ ಎರಡನೇ ವರ್ಷ ಆ ಕಂತು ಯಾರು ಕಟ್ಟೋದು? ಲೇತ್ ಮುಂದೆ ಇಪ್ಪತ್ತು ವರ್ಷದಿಂದ ನಿಂತಿರೋ ಅಪ್ಪನೇ? ಗಾರ್ಮೆಂಟ್ಸ್‌ನಿಂದ ಸಂಜೆ ಕಾಲು ಊದಿಸಿಕೊಂಡು ಬರೋ ಅಮ್ಮನೇ? ನಾವು ಚಪ್ಪಾಳೆ ತಟ್ಟಿ, ಹಾರ ಹಾಕಿ, ಎಣ್ಣೆ ಹಚ್ಚಿ ಕಳಿಸಿಬಿಟ್ಟು ಆಮೇಲೆ ಮರೆತುಹೋದರೆ, ಆ ಗೋಪುರ ಅರ್ಧಕ್ಕೆ ನಿಲ್ಲೋದು ಹುಡುಗನಿಂದಲ್ಲ. ಈ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಈ ಲೆಕ್ಕವನ್ನು ಬರೆದು ಮುಂದಿಡ್ತೀನಿ. ಒಂದು ಅಂಕಿ ಬರೆಯೋಕೆ ನಮ್ಮಿಂದ ಆಗದಿದ್ದರೆ, ಹುಡುಗನಿಗೆ ಕೆಲಸಕ್ಕೆ ಸೇರು, ಸಂಜೆ ಹೊತ್ತು, ಶನಿವಾರ ಸೇವೆ ಮಾಡು ಅಂತ ಬಾಯಿಬಿಟ್ಟು ಹೇಳೋಣ. ಅದೂ ಸೇವೆಯೇ. ನಾನು ಮಾಡ್ತಿರೋದು ಅದನ್ನೇ.

ಮೊಗ್ಲಿಂಗ್ ಅಯ್ಯನವರ ಕಥೆಗೆ ಬರೋಣ. 1852ರಲ್ಲಿ ಕೊಡಗಿನಿಂದ ಅಳಮಂಡ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದರು. ಮುಂದೆ ದೀಕ್ಷಾಸ್ನಾನದಲ್ಲಿ ಸ್ತೆಫಾನ ಅನ್ನೋ ಹೆಸರು ಪಡೆದರು. ಕೊಡಗಿನಲ್ಲಿ ಬಾಸೆಲ್‌ನವರ ಕೇಂದ್ರ ಇರಲಿಲ್ಲ. ಒಬ್ಬ ಮನುಷ್ಯನಿಗಾಗಿ ಮೊಗ್ಲಿಂಗ್ ಗಂಟುಮೂಟೆ ಕಟ್ಟಿ ಘಟ್ಟ ಹತ್ತಿದರು. ಅಲ್ಲಿ ಜೀತದ ಬದುಕಿನಲ್ಲಿದ್ದ ಜನ ಸುವಾರ್ತೆ ಕೇಳಿ ಬಂದಾಗ ಅವರಿಗೆ ಸ್ವಂತ ನೆಲ ಬೇಕಾಯಿತು. ಕಾಫಿ ಬೆಳೆಯೋ ಒಂದು ಹೊಸ ಊರೇ ಎದ್ದಿತು. ಅದಕ್ಕೆ ಹಣ ಕೊಟ್ಟವರು ಆನಂದರಾವ್ ಕೌಂಡಿನ್ಯರು. ಊರಿಗೆ ಅವರ ಹೆಸರನ್ನೇ ಇಟ್ಟರು, ಆನಂದಪುರ. ಬ್ರಾಹ್ಮಣರ ಮನೆಯ ಹುಡುಗನ ಹಣ, ಆ ಕಾಲದಲ್ಲಿ ಅವರ ಮನೆ ಅಂಗಳಕ್ಕೂ ಬರಲಾಗದಿದ್ದವರ ಊರು. ಗುರು ಶಿಷ್ಯನಿಗೆ ಓದು ಕೊಡಿಸಿದ್ದ, ಶಿಷ್ಯ ಗುರುವಿನ ಸೇವೆಗೆ ನೆಲ ಕೊಡಿಸಿದ.

45ನೇ ವಯಸ್ಸಿನವರೆಗೂ ಮೊಗ್ಲಿಂಗ್ ಒಂಟಿಯಾಗಿಯೇ ಇದ್ದರು. 1855ರಲ್ಲಿ ವೈಗ್ಲೆ ತೀರಿಕೊಂಡರು. ಮರುವರ್ಷ ಅವರ ವಿಧವೆ ಪೌಲೀನ ಅಮ್ಮನವರನ್ನು ಮೊಗ್ಲಿಂಗ್ ಮದುವೆಯಾದರು, ಮಕ್ಕಳ ಜವಾಬ್ದಾರಿಯನ್ನೂ ಹೊತ್ತರು. 1858ರಲ್ಲಿ, ತಾವು ಬಿಟ್ಟುಬಂದ ಅದೇ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರ ಕನ್ನಡ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದು ಕೊಡಗಿನ ಆ ಮಳೆಗೆ, ಆ ಕೆಸರಿಗೆ ತಲುಪಿದಾಗ ಅವರು ಏನು ಅಂದುಕೊಂಡಿರಬಹುದೋ! ಎರಡೇ ವರ್ಷಕ್ಕೆ, 1860ರಲ್ಲಿ, ಹೆಂಡತಿಯ ಆರೋಗ್ಯ ಕೆಟ್ಟು ಊರಿಗೆ ಹೊರಡಬೇಕಾಯಿತು. ಸೇವೆ ದೊಡ್ಡದು, ಹೆಂಡತಿ ಇಲ್ಲೇ ನರಳಲಿ ಅನ್ನಲಿಲ್ಲ ಅವರು. ಈ ಮಾತು ಸೇವಕರಿಗೆ ವಿಶೇಷವಾಗಿ, ನನಗೂ ಸೇರಿ. ಮತ್ತೆ ಅವರು ಈ ನಾಡಿಗೆ ಬರಲಿಲ್ಲ. 1881ರ ಮೇ 10ರಂದು ಜರ್ಮನಿಯ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಮಂಗಳೂರಲ್ಲಿ ಕೌಂಡಿನ್ಯರು ಉಳಿದರು. ಯಾವ ಊರು ಅವರ ದೀಕ್ಷಾಸ್ನಾನದ ದಿನ ಗಲಾಟೆ ಮಾಡಿತ್ತೋ ಆ ಊರಿನ ಸೆಮಿನರಿಯಲ್ಲೇ ಪಾಠ ಹೇಳಿದರು. ಗುರು ಹೋದ ಮೇಲೂ ಹನ್ನೆರಡು ವರ್ಷ ಬದುಕಿದ್ದು 1893ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದರು.

ಎದ್ದು ನಿಲ್ಲೋಣ. ಮೂವರು ಮಕ್ಕಳೂ ಇದ್ದಲ್ಲೇ ಇರಿ, ಇವತ್ತು ಯಾರನ್ನೂ ಮುಂದಕ್ಕೆ ಕರೆಯಲ್ಲ. ಮೊದಲು ಅವರ ತಂದೆ ತಾಯಿಗಳಿಗಾಗಿ ಪ್ರಾರ್ಥನೆ ಮಾಡೋಣ.